ಡಾಕ್ಟರು ಧಾರವಾಡದಲ್ಲಿ, ಮಾತ್ರೆ ಅಂಕೋಲೆಯಲ್ಲಿ

ಮನಸ್ಸು ಒಮ್ಮೆ ಮಿತಿಮೀರಿ ಏರುವ, ಒಮ್ಮೆ ಖಿನ್ನತೆಗೆ ಇಳಿಯುವ ಬೈಪೋಲಾರ್ ಕಾಯಿಲೆಯ ಮಾತ್ರೆ ಅಷ್ಟೇನೂ ದುಬಾರಿ ಅಲ್ಲ. ಕಾಯಿಲೆ ಕೆದರಿದರೆ ಮಾತ್ರ ಮನೆ ತೊಳೆದುಹೋಗುತ್ತದೆ. ನನಗೆ ಮೇನಿಯಾ, ಅಂದರೆ ಆ ಏರಿದ ಸ್ಥಿತಿ, ಬಂದ ವರ್ಷ ಸಂಘದಲ್ಲಿ ಸಾಲ ತೆಗೆದು ಒಂದರ ಮೇಲೊಂದು ಹೊಲಿಗೆ ಮಷಿನ್ ತಂದು ಕೂರಿಸಿದ್ದೆ. ನಿದ್ದೆ ಇಲ್ಲ, ಸುಸ್ತೂ ಇಲ್ಲ. ಅಂಕೋಲೆಯ ಅರ್ಧ ಹೆಂಗಸರ ಬ್ಲೌಸು ನಾನೊಬ್ಬಳೇ ಹೊಲಿದುಬಿಡುತ್ತೇನೆ ಎನ್ನುವ ಹುಮ್ಮಸ್ಸು. ಇಳಿದ ಮೇಲೆ ಕತ್ತರಿ ಎತ್ತಲೂ ಕೈ ಬರಲಿಲ್ಲ. ಗಿರಾಕಿಗಳ ಬಟ್ಟೆ ಗಂಟು ಕಟ್ಟಿದ ಹಾಗೇ ಮೂಲೆಯಲ್ಲಿ ಬಿದ್ದಿತ್ತು. ಆ ಸಾಲಕ್ಕೆ ಕಟ್ಟಿದ ದುಡ್ಡು ನಾನು ಈವರೆಗೆ ನುಂಗಿದ ಮಾತ್ರೆಗಳ ದುಡ್ಡಿಗಿಂತ ಜಾಸ್ತಿ. ಹಾಗಾಗಿ ಕಡಿಮೆ ಖರ್ಚಿನ ಚಿಕಿತ್ಸೆ ಅಂದಾಗ ನಾನು ಬರೀ ಡಾಕ್ಟರ ಫೀಸು ನೋಡುವುದಿಲ್ಲ. ತಿಂಗಳು ತಪ್ಪದೆ, ವರ್ಷಗಟ್ಟಲೆ, ನಮ್ಮಂಥವರ ಕೈಯಲ್ಲಿ ನಡೆಸಿಕೊಂಡು ಹೋಗಲು ಆಗುತ್ತದಾ ಅಂತ ನೋಡುತ್ತೇನೆ.

ಮೊದಲು ಹೋದದ್ದು ಒಂದು ಖಾಸಗಿ ಕ್ಲಿನಿಕ್ಕಿಗೆ. ಆಗ ನಾನು ಇಳಿದ ಸ್ಥಿತಿಯಲ್ಲಿದ್ದೆ. ಅಳು, ಮಲಗಿದಲ್ಲೇ ಮಲಗುವುದು. ಖಿನ್ನತೆ ಅಂತ ಹೇಳಿ ಅದರ ಮಾತ್ರೆ ಬರೆದರು. ಹಿಂದೆ ಯಾವತ್ತಾದರೂ ನಿದ್ದೆಯೇ ಬೇಡ ಅನ್ನುವಷ್ಟು ಚುರುಕಾಗಿದ್ದಿರಾ, ಕೈ ಬಿಚ್ಚಿ ಖರ್ಚು ಮಾಡಿದ್ದಿರಾ ಅಂತ ಯಾರೂ ಕೇಳಲಿಲ್ಲ. ಬೈಪೋಲಾರ್ ಇದ್ದವರಿಗೆ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಕೆಲವರಿಗೆ ಮೇನಿಯಾ ಏರುತ್ತದೆ. ನನಗೆ ಏರಿತು. ಮಷಿನ್‌ಗಳ ಕತೆ ಶುರುವಾದದ್ದು ಅಲ್ಲಿಂದ. ಈ ಒಂದು ವಿಷಯ ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು: ಡಾಕ್ಟರ ಎದುರು ಕೂತಾಗ ಇವತ್ತಿನ ದುಃಖ ಮಾತ್ರ ಹೇಳಬೇಡಿ, ಹಿಂದಿನ ಖುಷಿಯ ಕತೆಯನ್ನೂ ಹೇಳಿ. ಅದನ್ನು ನೋಡಿದ ಮನೆಯವರು ಒಬ್ಬರು ಜೊತೆಗಿರಲಿ. ಮೇನಿಯಾದಲ್ಲಿ ಇದ್ದವರಿಗೆ ತಾವು ಮೇನಿಯಾದಲ್ಲಿ ಇದ್ದೇವೆ ಅಂತ ಗೊತ್ತಾಗುವುದಿಲ್ಲವಲ್ಲ.

ಅಮ್ಮ ದೇವಸ್ಥಾನದಲ್ಲಿ ಪೂಜೆ ಮಾಡುವ ಗುನಗರ ಹತ್ತಿರ ಪ್ರಸಾದ ಕೇಳಿಸಿದಳು. ಹೂವು ಬಲಕ್ಕೆ ಬಿತ್ತು. ಡಾಕ್ಟರ ಹತ್ತಿರ ಹೋಗುವುದಕ್ಕೆ ದೇವರ ತಕರಾರು ಇಲ್ಲ ಅಂತ ಅದರ ಅರ್ಥ ಮಾಡಿಕೊಂಡೆವು. ಇದನ್ನು ನಾನು ಗೇಲಿಗೆ ಹೇಳುತ್ತಿಲ್ಲ. ಅಮ್ಮ ಆಮೇಲೆ ಒಂದು ದಿನವೂ ಮಾತ್ರೆಗೆ ಅಡ್ಡ ಬರಲಿಲ್ಲ.

ಧಾರವಾಡ ಅಂದಾಗ ಮಾತ್ರ ಮನೆಯಲ್ಲಿ ಎಲ್ಲರ ಮುಖ ಸಣ್ಣದಾಯಿತು. ನಮ್ಮ ಕಡೆ ಜಗಳದಲ್ಲಿ 'ನಿನ್ನ ಧಾರವಾಡಕ್ಕೇ ಕಳಿಸಬೇಕು' ಅಂತ ಬೈಯುತ್ತಾರಲ್ಲ, ಆ ಧಾರವಾಡ ಅದು. 1845ರಲ್ಲಿ ಬ್ರಿಟಿಷರ ಕಾಲದಲ್ಲಿ ಶುರುವಾದ ಮಾನಸಿಕ ಆಸ್ಪತ್ರೆ. ಈಗ ಡಿಮ್ಹಾನ್ಸ್ ಅನ್ನುತ್ತಾರೆ. ಹೋಗಿ ನೋಡಿದರೆ ಹೊರರೋಗಿ ವಿಭಾಗದಲ್ಲಿ ನಮ್ಮಂಥ ಜನವೇ. ಹಾವೇರಿ ಕಡೆಯ ರೈತರು, ಕಾಲೇಜು ಹುಡುಗರು, ಸೊಂಟದ ಮೇಲೆ ಮಗು ಕೂರಿಸಿಕೊಂಡ ಹೆಂಗಸರು. ಚೀಟಿಗೆ ಸಣ್ಣ ದುಡ್ಡು. ದೊಡ್ಡದು ಅಂದರೆ ಕಾಯುವ ಹೊತ್ತು. ಒಬ್ಬ ಚಿಕ್ಕ ಡಾಕ್ಟರು ನನ್ನ ತಮ್ಮನನ್ನೂ ಕೂರಿಸಿಕೊಂಡು ಬಾಲ್ಯದಿಂದ ಕೇಳುತ್ತಾ ಬಂದರು. ಖಾಸಗಿಯಲ್ಲಿ ಅಷ್ಟು ಹೊತ್ತು ನನಗೆ ಯಾರೂ ಕೊಟ್ಟಿರಲಿಲ್ಲ. ಆಮೇಲೆ ದೊಡ್ಡ ಡಾಕ್ಟರು ಬಂದು ಕಾಯಿಲೆಯ ಹೆಸರು ಹೇಳಿದರು. ಸ್ವಲ್ಪ ದಿನ ಅಲ್ಲೇ ಅಡ್ಮಿಟ್ ಆದೆ.

ಹೋಗಿ ಬರುವ ಖರ್ಚು? 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಅಂಕೋಲೆಯಿಂದ ಆರಬೈಲು ಘಾಟಿ ಹತ್ತಿ ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ, ಅಲ್ಲಿಂದ ಧಾರವಾಡಕ್ಕೆ, ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲ. ತಮ್ಮನ ಬದಲು ಅತ್ತಿಗೆ ಜೊತೆಗೆ ಬಂದರೆ ಇಬ್ಬರದ್ದೂ ಉಚಿತ. ಕಾರವಾರ ಕಡೆಯವರು ದೊಡ್ಡ ಕಾಯಿಲೆ ಅಂದರೆ ಗೋವಾಕ್ಕೆ ಓಡುವುದು ರೂಢಿ. ಹತ್ತಿರ, ನಿಜ. ಆದರೆ ರಾಜ್ಯ ದಾಟುವ ಬಸ್ಸಿಗೆ ಶಕ್ತಿ ಇಲ್ಲ, ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ 2018ರಿಂದ ಹೊರಗಿನವರಿಗೆ ಶುಲ್ಕ ಬೇರೆ. ಮತ್ತೆ ಮತ್ತೆ ಹೋಗಬೇಕಾದ ಕಾಯಿಲೆಗೆ ಇವೆಲ್ಲ ಸೇರುತ್ತಾ ಹೋಗುತ್ತವೆ.

ಆದರೂ ಪ್ರತಿ ತಿಂಗಳು ಘಾಟಿ ಹತ್ತಿದರೆ ಎರಡು ದಿನದ ದುಡಿಮೆ ಹೋಯಿತು. ಟಿಕೆಟ್ ಉಚಿತ ಇರಬಹುದು, ದಿನ ಉಚಿತ ಅಲ್ಲ. ಕಾಯಿಲೆ ಹತೋಟಿಗೆ ಬಂದ ಮೇಲೆ ನಾನು ಡಾಕ್ಟರಿಗೆ ನೇರ ಕೇಳಿದೆ: 'ಇಷ್ಟೇ ಮಾತ್ರೆ ಮುಂದುವರಿಸುವುದಾದರೆ ನಮ್ಮೂರಲ್ಲೇ ತಗೋಬಹುದಾ?' ಅವರು ಸಾರಾಂಶ ಬರೆದುಕೊಟ್ಟರು. ಕಾಯಿಲೆಯ ಹೆಸರು, ಯಾವ ಮಾತ್ರೆ ಎಷ್ಟು, ಯಾವ ಮಾತ್ರೆ ಕೊಡಬಾರದು, ಯಾವ ರಕ್ತ ಪರೀಕ್ಷೆ ಯಾವಾಗ. ಎಲ್ಲ ಒಂದು ಹಾಳೆಯಲ್ಲಿ. ಅದರ ಝೆರಾಕ್ಸ್‌ಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟಿದ್ದೇನೆ. ನನ್ನ ಇಡೀ ಚಿಕಿತ್ಸೆಯಲ್ಲಿ ದುಡ್ಡು ಉಳಿಸಿದ ಕಾಗದ ಅದು.

ಯಾಕೆಂದರೆ ಆ ಹಾಳೆ ಹಿಡಿದುಕೊಂಡು ತಾಲೂಕು ಆಸ್ಪತ್ರೆಗೆ ಹೋಗಬಹುದು. ರಾಜ್ಯದಲ್ಲಿ ಮನೋಚೈತನ್ಯ ಅಂತ ಕಾರ್ಯಕ್ರಮ ಇದೆ, ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆ. ಯಾವ ತಾಲೂಕಿಗೆ ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲಿ ಅಥವಾ ನಿಮ್ಮ ಆಶಾ ಕಾರ್ಯಕರ್ತೆಯ ಹತ್ತಿರ ಕೇಳಬೇಕು. ನನಗೆ ಹೇಳಿದ್ದು ಆಶಾ ಅಕ್ಕನೇ, ಅದೂ ಬ್ಲೌಸ್ ಅಳತೆ ಕೊಡಲು ಬಂದಾಗ. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೂ ಮಾನಸಿಕ ವಿಭಾಗ ಇದೆ. ಮಾತ್ರೆ ಬದಲಿಸಬೇಕು ಅನ್ನಿಸಿದಾಗ, ಏನಾದರೂ ಹೆಚ್ಚುಕಡಿಮೆ ಆದಾಗ ಧಾರವಾಡ. ಉಳಿದ ತಿಂಗಳು ಇಲ್ಲೇ.

ನನ್ನ ಮುಖ್ಯ ಮಾತ್ರೆ ಲಿಥಿಯಂ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನುವ ಡಾಕ್ಟರು ಮೇನಿಯಾಕ್ಕೆ ಇದು ಕೆಲಸ ಮಾಡುತ್ತದೆ ಅಂತ ತೋರಿಸಿದ್ದು. ಅಷ್ಟು ಹಳೆಯ ಔಷಧಿ, ಅದಕ್ಕೇ ಅಗ್ಗ. ರಾಷ್ಟ್ರೀಯ ಅವಶ್ಯಕ ಔಷಧಿಗಳ ಪಟ್ಟಿಯಲ್ಲೂ ಇದೆ. ವಾಲ್ಪ್ರೊಯೇಟ್ ಇನ್ನೊಂದು ಆಯ್ಕೆ ಇತ್ತು. ಆದರೆ ಅದು ಹೊಟ್ಟೆಯಲ್ಲಿರುವ ಮಗುವಿನ ಬೆನ್ನುಹುರಿಗೆ, ಬುದ್ಧಿಗೆ ತೊಂದರೆ ಮಾಡಬಹುದು. ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಅದನ್ನು ಬರೆಯುವ ಮೊದಲು ಡಾಕ್ಟರು ಕೇಳಬೇಕು. ಕೇಳದಿದ್ದರೆ ನೀವೇ ಬಾಯಿಬಿಟ್ಟು ಹೇಳಿ, ನಾಚಿಕೆ ಬೇಡ. ಲಿಥಿಯಂ ಇದ್ದರೂ ಗರ್ಭಿಣಿ ಆಗುವ ಯೋಚನೆ ಇದ್ದಾಗ ಮೊದಲೇ ಮಾತಾಡಬೇಕು. ಒಬ್ಬರ ಅಳತೆಯ ಬ್ಲೌಸು ಇನ್ನೊಬ್ಬರಿಗೆ ಕೂರುವುದಿಲ್ಲ. ನನ್ನ ಮಾತ್ರೆ ನೋಡಿ ನೀವು ತಗೋಬೇಡಿ.

ಲಿಥಿಯಂ ಅಗ್ಗ ಹೌದು, ಆದರೆ ಕಾವಲು ಬೇಕು. ರಕ್ತದಲ್ಲಿ ಅದರ ಮಟ್ಟ ಕಡಿಮೆ ಆದರೆ ಕೆಲಸ ಮಾಡುವುದಿಲ್ಲ, ಜಾಸ್ತಿ ಆದರೆ ವಿಷ. ನನಗೆ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ನಡುವೆ ಇರಲಿ ಅಂದಿದ್ದಾರೆ. ಥೈರಾಯ್ಡ್ ಮತ್ತು ಕಿಡ್ನಿಯ ಪರೀಕ್ಷೆಯನ್ನೂ ಆರು ತಿಂಗಳಿಗೊಮ್ಮೆ ಮಾಡಿಸುತ್ತೇನೆ. ಲಿಥಿಯಂ ಮಟ್ಟಕ್ಕೆ ರಕ್ತ ಕೊಡಬೇಕಾದ್ದು ಹಿಂದಿನ ಮಾತ್ರೆ ನುಂಗಿ 12 ಗಂಟೆ ಆದ ಮೇಲೆ. ರಾತ್ರಿ ಒಂಬತ್ತಕ್ಕೆ ಮಾತ್ರೆ, ಬೆಳಿಗ್ಗೆ ಒಂಬತ್ತಕ್ಕೆ ರಕ್ತ, ಅದಾದ ಮೇಲೆ ಬೆಳಗಿನ ಮಾತ್ರೆ. ಲ್ಯಾಬಿನ ಹುಡುಗ ಪ್ರತಿ ಸಲ 'ಖಾಲಿ ಹೊಟ್ಟೆಯಲ್ಲಿ ಏಳಕ್ಕೇ ಬನ್ನಿ' ಅನ್ನುತ್ತಾನೆ, ಸಕ್ಕರೆ ಪರೀಕ್ಷೆಯ ಅಭ್ಯಾಸ ಅವನಿಗೆ. ಒಮ್ಮೆ ಅವನು ಹಸಿರು ಮುಚ್ಚಳದ ಟ್ಯೂಬ್ ತೆಗೆದ. ನಾನು ತಡೆದೆ. ಹಸಿರು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಹೆಚ್ಚಾಗಿ ಲಿಥಿಯಂ ಹೆಪಾರಿನ್ ಹಾಕಿರುತ್ತಾರೆ. ಅದರಲ್ಲಿ ತೆಗೆದರೆ ಟ್ಯೂಬಿನ ಲಿಥಿಯಂ ಕೂಡ ಲೆಕ್ಕಕ್ಕೆ ಬಂದು ಮಟ್ಟ ಸುಳ್ಳೇ ಏರಿದ ಹಾಗೆ ಕಾಣುತ್ತದೆ. ಧಾರವಾಡದ ನರ್ಸ್ ಒಬ್ಬರು ಹೇಳಿಕೊಟ್ಟದ್ದು. ಹುಡುಗ ಮೊದಲು ನನ್ನ ಮುಖ ನೋಡಿದ, ಆಮೇಲೆ ಒಳಗೆ ಫೋನ್ ಮಾಡಿ ಕೇಳಿದ, ಕೆಂಪು ಮುಚ್ಚಳದ್ದು ತಂದ. ತಪ್ಪು ವರದಿ ಬಂದಿದ್ದರೆ ಮತ್ತೆ ಪರೀಕ್ಷೆ, ಮತ್ತೆ ದುಡ್ಡು, ಸುಮ್ನೆ ಗಾಬರಿ.

ಕರಾವಳಿಯಲ್ಲಿ ಇರುವವರಿಗೆ ಇನ್ನೊಂದು ಮಾತು. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮಲ್ಲಿ ಬೆವರು ಹೇಗಿರುತ್ತದೆ ಗೊತ್ತಲ್ವಾ. ಮೈಯಲ್ಲಿ ನೀರು, ಉಪ್ಪು ಕಡಿಮೆ ಆದರೆ ಲಿಥಿಯಂ ರಕ್ತದಲ್ಲಿ ಏರುತ್ತದೆ. ವಾಂತಿ ಭೇದಿ ಆದರೂ ಹಾಗೇ, ಕಟ್ಟುನಿಟ್ಟಿನ ಉಪವಾಸ ಹಿಡಿದರೂ ಹಾಗೇ. ಬೇಸಿಗೆಯಲ್ಲಿ ನಾನು ಗಂಜಿ ಬಿಡುವುದಿಲ್ಲ, ಸಾಣಿಕಟ್ಟೆಯ ಉಪ್ಪು ಹಾಕಿದ ಗಂಜಿ, ಜೊತೆಗೆ ಉಪ್ಪಿನಲ್ಲಿಟ್ಟ ಮಾವಿನ ಮಿಡಿ. ಉಪ್ಪು ಎಲ್ಲ ದಿನವೂ ಒಂದೇ ಹದದಲ್ಲಿ ಇರಬೇಕು, ಒಮ್ಮೆಲೇ ಬಿಡುವುದೂ ಇಲ್ಲ, ಒಮ್ಮೆಲೇ ಸುರಿದುಕೊಳ್ಳುವುದೂ ಇಲ್ಲ. ಸೊಂಟನೋವಿಗೆ ಮೆಡಿಕಲ್ ಶಾಪಿನಲ್ಲಿ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೇಳಿ ತಗೊಳ್ಳುವ ಅಭ್ಯಾಸ ಬಿಟ್ಟಿದ್ದೇನೆ, ಅವೂ ಮಟ್ಟ ಏರಿಸುತ್ತವೆ. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಕೈ ಜೋರಾಗಿ ನಡುಗಿದರೆ, ನಡೆಯುವಾಗ ತೂರಾಡಿದರೆ, ವಾಂತಿ ನಿಲ್ಲದಿದ್ದರೆ ನಾಳೆ ನೋಡೋಣ ಅನ್ನಬಾರದು, ಆಗಲೇ ಆಸ್ಪತ್ರೆ.

ಮಳೆಗಾಲದ ಸಮಸ್ಯೆ ಬೇರೆ. 2021ರ ಜುಲೈನಲ್ಲಿ ಆರಬೈಲು ಘಾಟಿಯಲ್ಲಿ ಗುಡ್ಡ ಕುಸಿದು ಹುಬ್ಬಳ್ಳಿ ರಸ್ತೆ ಬಂದ್ ಆಗಿತ್ತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಬಿದ್ದಾಗ ಕುಮಟಾ ಕಡೆಯ ಹೆದ್ದಾರಿಯೇ ನಿಂತಿತು. ಲಿಥಿಯಂ ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಬೇಗ ಮರಳುತ್ತದೆ. ಅದಕ್ಕೆ ಮೇ ತಿಂಗಳ ಭೇಟಿಯಲ್ಲಿ ಡಾಕ್ಟರಿಗೆ ಹೇಳಿ ಜಾಸ್ತಿ ದಿನದ ಮಾತ್ರೆ ಬರೆಸಿಕೊಳ್ಳುತ್ತೇನೆ, ಯಾವಾಗಲೂ ಎರಡು ವಾರದ್ದು ಡಬ್ಬಿಯಲ್ಲಿ ಉಳಿದಿರಬೇಕು. ಡಬ್ಬಿಯ ಕೀಲಿ ಅತ್ತಿಗೆಯ ಹತ್ತಿರ. ಇಳಿದ ದಿನಗಳಲ್ಲಿ ಅಷ್ಟು ಲಿಥಿಯಂ ನನ್ನ ಕೈಗೆ ಸಿಗುವುದು ಒಳ್ಳೆಯದಲ್ಲ ಅಂತ ನಾನೇ ಮಾಡಿದ ಏರ್ಪಾಡು.

ಸರ್ಕಾರಿ ಔಷಧಿ ಕಿಟಕಿಯಲ್ಲಿ ಕೆಲವೊಮ್ಮೆ 'ಸ್ಟಾಕ್ ಇಲ್ಲ' ಅನ್ನುತ್ತಾರೆ. ಒಂದು ಕಡೆ ನನಗೆ ಸಾಲಾಗಿ ಹಾಗೇ ಆಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಪ್ರಕಾರ ಅವಶ್ಯಕ ಪಟ್ಟಿಯಲ್ಲಿರುವ ಮಾನಸಿಕ ಕಾಯಿಲೆಯ ಔಷಧಿ ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗಬೇಕು. ನಾನು ಜಗಳ ಆಡಲಿಲ್ಲ. 'ಇಲ್ಲ ಅಂತ ಈ ಚೀಟಿಯ ಮೇಲೆ ಬರೆದು ಸಹಿ ಮಾಡಿ' ಅಂದೆ. ಬರೆಯಲಿಲ್ಲ, ಆದರೆ ಮುಂದಿನ ವಾರ ಮಾತ್ರೆ ಬಂದಿತ್ತು. ಆ ವಾರದ ಮಟ್ಟಿಗೆ ಜನೌಷಧಿ ಕೇಂದ್ರದಲ್ಲಿ ತಗೊಂಡೆ. ಅಲ್ಲಿ ಕಂಪನಿ ಹೆಸರು ಹೇಳಿದರೆ ಸಿಗುವುದಿಲ್ಲ, ಔಷಧಿಯ ಮೂಲ ಹೆಸರು ಮತ್ತು ಮಿಲಿಗ್ರಾಂ ಹೇಳಬೇಕು. ಮತ್ತೆ ಅದೇ ಹಾಳೆ ಉಪಯೋಗಕ್ಕೆ ಬಂತು. ಆಯುಷ್ಮಾನ್ ಕಾರ್ಡ್ ಇದ್ದರೆ ಎಲ್ಲ ಉಚಿತ ಅಂತ ಕೆಲವರು ತಿಳಿದಿದ್ದಾರೆ. ಅದು ಅಡ್ಮಿಟ್ ಆಗುವಾಗಿನ ಮಾತು, ತಿಂಗಳ ಮಾತ್ರೆಗೆ ಅಲ್ಲ.

ದುಡ್ಡೇ ಬೇಡದ ಔಷಧಿ ನಿದ್ದೆ. ಅದನ್ನು ಕಾಯುವುದೇ ನನಗೆ ಕಷ್ಟದ ಕೆಲಸ. ನಮ್ಮ ಕಡೆ ಬೆಳತನಕ ಯಕ್ಷಗಾನದ ಆಟ ನೋಡದವರು ಯಾರು ಹೇಳಿ? ಚಂಡೆ ಕೇಳಿದರೆ ಕಾಲು ತಾನಾಗಿ ಹೊರಡುತ್ತದೆ. ಆದರೆ ಒಂದು ರಾತ್ರಿ ನಿದ್ದೆಗೆಟ್ಟರೂ ಸಾಕು, ಮರುದಿನ ತಲೆ ಓಡಲು ಶುರು. ಈಗ ಕಾಲಮಿತಿ ಯಕ್ಷಗಾನಕ್ಕೆ ಮಾತ್ರ ಹೋಗುತ್ತೇನೆ. ಕಾಲಮಿತಿಯಿಂದ ಕಲೆ ಹಾಳಾಯಿತು ಅಂತ ಬೈಯುವವರ ಎದುರು ಸುಮ್ಮನಿರುತ್ತೇನೆ, ನನಗಂತೂ ಅದು ಉಪಕಾರವೇ. ಬಂಡಿಹಬ್ಬದ ದಿನಗಳಲ್ಲಿ, ಮದುವೆ ಸೀಸನ್ನಿನಲ್ಲಿ ಅರ್ಜೆಂಟ್ ಬಟ್ಟೆ ಒಪ್ಪಿಕೊಳ್ಳುವುದಿಲ್ಲ. ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ದಿನಾ ಮಲಗಿದ ಹೊತ್ತು, ಎದ್ದ ಹೊತ್ತು ಬರೆಯುತ್ತೇನೆ. ಎರಡು ರಾತ್ರಿ ನಾಲ್ಕು ಗಂಟೆಗಿಂತ ಕಡಿಮೆ ಬಂದರೆ ಅತ್ತಿಗೆ ನನ್ನ ಎಟಿಎಂ ಕಾರ್ಡ್ ತೆಗೆದಿಟ್ಟು ಡಾಕ್ಟರಿಗೆ ಫೋನ್ ಮಾಡುತ್ತಾಳೆ. ನಾನು ಚೆನ್ನಾಗಿದ್ದಾಗ ಇಬ್ಬರೂ ಕೂತು ಮಾಡಿಕೊಂಡ ಒಪ್ಪಂದ ಇದು. ಆ ಹೊತ್ತಿನಲ್ಲಿ ನಾನು ಬೈದರೆ ಕೇಳಿಸಿಕೊಳ್ಳಬೇಡ ಅಂತ ನಾನೇ ಹೇಳಿದ್ದೇನೆ. ಬೈದಿದ್ದೇನೆ ಕೂಡ.

ಡಾಕ್ಟರು ಸಿಗದ ರಾತ್ರಿಗೆ 14416 ಇದೆ, ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ಉಚಿತ, ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದ ರಾತ್ರಿಗೂ ಅದೇ ನಂಬರು. ಅವರು ಮಾತ್ರೆಯ ಡಬ್ಬಿ ಕೊರಿಯರ್ ಮಾಡುವುದಿಲ್ಲ, ಮಾತಾಡಿಸುತ್ತಾರೆ, ಹತ್ತಿರ ಎಲ್ಲಿಗೆ ಹೋಗಬೇಕು ಅಂತ ಹೇಳುತ್ತಾರೆ. ತಮ್ಮ ಒಮ್ಮೆ ನನಗಾಗಿ ಫೋನ್ ಮಾಡಿದ್ದ. ನಿಜ ಹೇಳಬೇಕೆಂದರೆ ಆ ರಾತ್ರಿ ಸಮಾಧಾನ ಜಾಸ್ತಿ ಬೇಕಿದ್ದದ್ದು ಅವನಿಗೆ.

ಈಚೆಗೆ ಬೇಲೇಕೇರಿ ಕಡೆಯಿಂದ ಒಬ್ಬಳು ಹುಡುಗಿ ತಾಯಿಯ ಜೊತೆ ಅಂಗಡಿಗೆ ಬಂದಿದ್ದಳು. ಬಟ್ಟೆ ತಂದಿರಲಿಲ್ಲ. ಯಾರೋ ನನ್ನ ಹೆಸರು ಹೇಳಿ ಕಳಿಸಿದ್ದರು. ಸ್ಟೂಲ್ ಕೊಟ್ಟು ಕೂರಿಸಿ ಹೇಳಿದೆ: ಆಧಾರ್, ರೇಷನ್ ಕಾರ್ಡ್ ಝೆರಾಕ್ಸ್, ಹಳೆಯ ಎಲ್ಲ ಚೀಟಿ, ನುಂಗಿದ ಮಾತ್ರೆಗಳ ಖಾಲಿ ಶೀಟುಗಳು, ಎಲ್ಲ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಯಾವ ಮಂಗಳವಾರ ಅಂತ ಹಿಂದಿನ ದಿನವೇ ಆಸ್ಪತ್ರೆಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ತಿಂಡಿ ತಿಂದು ಹೊರಡಿ, ಹತ್ತು ಗಂಟೆಯ ಮೇಲೆ ಕ್ಯೂ ಬಾಗಿಲ ತನಕ ಬರುತ್ತದೆ.