ಹಳೇ ಮುರಕಲ್ಲು–ಹಂಚಿನ ಸಾರ್ವಜನಿಕ ಕಟ್ಟಡಗಳ ದುರಸ್ತಿ: ಕರಾವಳಿಗೆ ಒಪ್ಪುವ ಕ್ರಮ

ಮಂಗಳೂರು, ಉಡುಪಿ ಕಡೆಯ ಹಳೇ ಶಾಲೆ, ತಾಲೂಕು ಕಚೇರಿ, ಗ್ರಂಥಾಲಯ, ಪ್ರವಾಸಿ ಬಂಗಲೆಗಳೆಲ್ಲ ಹೆಚ್ಚುಕಡಿಮೆ ಒಂದೇ ಸಾಮಾನಿನಿಂದ ಎದ್ದವು. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಸುಣ್ಣದ ಗಾರೆ, ಮರದ ಪಕ್ಕಾಸು (ಇಳಿಜಾರಿನ ತೊಲೆ) ಮತ್ತು ರೀಪು (ಹಂಚು ಕೂರುವ ಅಡ್ಡಪಟ್ಟಿ), ಮೇಲೆ ಹಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಮಾಡು (ಇಳಿಜಾರು ಚಾವಣಿ) ಊರೂರಿಗೆ ಹಬ್ಬಿತು. ಇಂಥ ಕಟ್ಟಡವನ್ನು ಕೆಡಿಸುವುದು ಒಳಬಂದು ಹೊರಹೋಗಲಾಗದೆ ಉಳಿದ ನೀರು. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ದುರಸ್ತಿಯ ಪ್ರತಿ ತೀರ್ಮಾನಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಇದರಿಂದ ನೀರು ಬೇಗ ಹೊರಬೀಳುತ್ತದೆಯೇ, ಇಲ್ಲ ಒಳಗೇ ಕೂರುತ್ತದೆಯೇ?

ಪರಿಶೀಲನೆ ಜುಲೈಯಲ್ಲಿ, ಕೆಲಸ ನವೆಂಬರದಿಂದ

ಫೆಬ್ರವರಿಯ ಒಣ ಗೋಡೆ ನೋಡಿ ಬರೆದ ಅಂದಾಜುಪಟ್ಟಿ ಅರ್ಧ ಸುಳ್ಳು. ಜುಲೈಯ ಒಂದು ಜೋರು ಮಳೆಗೆ ಕಟ್ಟಡದ ಒಳಗೂ ಹೊರಗೂ ಸುತ್ತಿ, ನಕ್ಷೆಯ ಮೇಲೆ ಮೂರು ಬಣ್ಣದಲ್ಲಿ ಗುರುತು ಹಾಕಿ: ಮೇಲಿನಿಂದ ಸೋರುವ ಜಾಗ, ಪಕ್ಕದಿಂದ ಎರಚಲು ಹೊಡೆಯುವ ಜಾಗ, ನೆಲದಿಂದ ತೇವ ಏರಿದ ಎತ್ತರ. ನೈಋತ್ಯದ ಗಾಳಿಗೆ ಮುಖ ಮಾಡಿದ ಗೋಡೆಯನ್ನು ಬೇರೆಯಾಗಿಯೇ ನೋಡಿ; ಅದರ ಚಿಕಿತ್ಸೆ ಉಳಿದ ಮೂರು ಗೋಡೆಗಳದ್ದಕ್ಕಿಂತ ಬೇರೆ. ಬಿರುಕುಗಳ ಮೇಲೆ ಗಾಜಿನ ತುಂಡು ಅಂಟಿಸಿ ದಿನಾಂಕ ಬರೆದಿಡಿ. ಬೇಸಿಗೆಯ ಹೊತ್ತಿಗೆ ಗಾಜು ಒಡೆದಿದ್ದರೆ ಗೋಡೆ ಇನ್ನೂ ಅಲುಗುತ್ತಿದೆ, ಮೊದಲು ಅಡಿಪಾಯ ನೋಡಬೇಕು.

ನವೆಂಬರದಲ್ಲಿ ಕೆಲಸ ಹಿಡಿದರೆ ಡಿಸೆಂಬರ್–ಫೆಬ್ರವರಿಯಲ್ಲಿ ಮಾಡು ಬಿಚ್ಚಿ ಮುಚ್ಚಬಹುದು. ಸುಣ್ಣದ ಕೆಲಸವೆಲ್ಲ ಮಾರ್ಚ್ ಒಳಗೆ ಮುಗಿಯಬೇಕು. ಏಪ್ರಿಲ್–ಮೇ ತಿಂಗಳಿನಲ್ಲಿ ಸಂಜೆಯ ಗುಡುಗು ಮಳೆ ಯಾವಾಗ ಬಂದೀತೆಂದು ಹೇಳಲಾಗದು, ಬಿಸಿಲಿಗೆ ಗಾರೆ ಬೇಗ ಒಣಗಿ ಸೀಳುತ್ತದೆ. ಶಾಲೆಗಳಲ್ಲಿ ದೊಡ್ಡ ತೊಡಕು ಇದೇ: ಕಟ್ಟಡ ಖಾಲಿ ಸಿಗುವುದು ಬೇಸಿಗೆ ರಜೆಯಲ್ಲಿ, ಅಂದರೆ ಸುಣ್ಣಕ್ಕೆ ತೀರಾ ಕೆಟ್ಟ ಎರಡು ತಿಂಗಳಲ್ಲಿ. ಒಂದೊಂದೇ ಪಾರ್ಶ್ವ ಬಿಡಿಸಿಕೊಂಡು ತರಗತಿಗಳನ್ನು ಉಳಿದ ಭಾಗಕ್ಕೆ ಸರಿಸುವ ಒಪ್ಪಂದವನ್ನು ಮುಖ್ಯೋಪಾಧ್ಯಾಯರೊಡನೆ ಮೊದಲೇ ಮಾಡಿಕೊಳ್ಳಿ. ಇದನ್ನು ಬಿಟ್ಟು ಬೇರೆ ದಾರಿ ನಮಗೆ ಕಂಡಿಲ್ಲ.

ಗೋಡೆಗೆ ಹತ್ತಿದ ಗೋಳಿ, ಅಶ್ವತ್ಥದ ಗಿಡಗಳನ್ನು ಅಕ್ಟೋಬರದಲ್ಲೇ ಬುಡದಲ್ಲಿ ಕತ್ತರಿಸಿ, ಕತ್ತರಿಸಿದ ಕಡೆ ಕಳೆನಾಶಕ ಹಚ್ಚಿ ಬಿಡಿ. ಹಸಿ ಬೇರನ್ನು ಎಳೆದರೆ ಅದರೊಂದಿಗೆ ಕಲ್ಲೂ ಬರುತ್ತದೆ. ಬೇರು ಪೂರ್ತಿ ಸತ್ತ ಮೇಲೆಯೇ ತೆಗೆದು ಸಂದು ತುಂಬಬೇಕು.

ಮೊದಲು ನೆಲದ ನೀರು

ಅಂಗಳಕ್ಕೆ ಮಣ್ಣು ಹಾಕಿ, ಮೇಲೆ ಇಂಟರ್‌ಲಾಕ್ ಹಾಸಿ ಹಾಸಿ ಹೊರಗಿನ ನೆಲ ಜಗಲಿಯ ಮಟ್ಟಕ್ಕೆ ಬಂದಿರುವುದು ಎಲ್ಲೆಡೆ ಕಾಣುತ್ತದೆ. ಕಟ್ಟಡದ ಸುತ್ತ ಕನಿಷ್ಠ ಒಂದು ಮೀಟರ್ ಅಗಲಕ್ಕೆ ಆ ಮಣ್ಣು ತೆಗೆದು, ನೆಲವನ್ನು ಪಂಚಾಂಗದ (ಗೋಡೆ ನಿಂತಿರುವ ಅಡಿಕಟ್ಟೆಯ) ಮೇಲ್ಮಟ್ಟಕ್ಕಿಂತ ಕನಿಷ್ಠ 150 ಮಿ.ಮೀ. ಕೆಳಗೆ ಇಳಿಸಿ, ಹೊರಮುಖವಾಗಿ ಇಳಿಜಾರು ಕೊಡಿ. ಮಾಡಿನ ನೀರು ಬೀಳುವ ಸಾಲಿನಲ್ಲಿ ಕಣಿ ತೋಡಿ ಜಲ್ಲಿ ತುಂಬಿದರೆ ಎರಚಲು ಗೋಡೆಗೆ ಹಾರುವುದು ನಿಲ್ಲುತ್ತದೆ. ಗೋಡೆಗೆ ತಾಗಿಸಿ ಕಾಂಕ್ರೀಟ್ ಹಾಸಬೇಡಿ. ನೆಲದ ತೇವಕ್ಕೆ ಹೊರಗೆ ಆರುವ ದಾರಿ ಮುಚ್ಚಿದರೆ ಅದು ಗೋಡೆಯೊಳಗೆ ಮೇಲಕ್ಕೇರುತ್ತದೆ.

ಇಷ್ಟನ್ನೇ ಮಾಡಿ ಒಂದು ಮಳೆಗಾಲ ಕಾದರೆ ಒಳಗೋಡೆಯ ಪಸೆ ಎಷ್ಟೋ ಕಡೆ ತಾನೇ ಇಳಿಯುತ್ತದೆ.

ಗೋಡೆ: ಸಿಮೆಂಟ್ ಏಕೆ ಬೇಡ

ಮುರಕಲ್ಲು ಸಣ್ಣ ತೂತುಗಳ ಕಲ್ಲು. ನೀರು ಕುಡಿಯುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಮೇಲೆ ಸಿಮೆಂಟ್ ಗಾರೆ ಬಳಿದರೆ ಅದು ಕಲ್ಲಿಗಿಂತ ಗಟ್ಟಿ, ಬಿರುಸು. ತಾಪ ಏರಿಳಿದಾಗ ಕೂದಲೆಳೆಯ ಬಿರುಕು ಬಿಡುತ್ತದೆ. ಅಲ್ಲಿ ನುಗ್ಗಿದ ನೀರಿಗೆ ಹೊರಬರಲು ದಾರಿ ಇಲ್ಲ. ಕಡಲಗಾಳಿಯ ಉಪ್ಪು ಆ ನೀರಿನಲ್ಲಿ ಕರಗಿ, ಒಣಗುವಾಗ ಗಾರೆಯ ಬೆನ್ನಿಗೇ ಹರಳುಗಟ್ಟಿ ಕಲ್ಲಿನ ಮೈಯನ್ನು ಪುಡಿ ಮಾಡುತ್ತದೆ. ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಗಾರೆ ಎಬ್ಬಿಸಿದರೆ ಹಿಂದೆ ಬೆರಳಿಗೆ ಅಂಟುವ ಕೆಂಪು ಹುಡಿ, ಅದರ ಮೇಲೆ ಉಪ್ಪಿನ ಬಿಳಿ ಪದರ ಕಾಣುತ್ತದೆ. ಟೊಳ್ಳಾದಲ್ಲಿ ಸಿಮೆಂಟನ್ನು ಉಳಿಯಿಂದ ತೆಗೆಯಿರಿ. ಗಟ್ಟಿಯಾಗಿ ಹಿಡಿದುಕೊಂಡಿದ್ದು, ಎಬ್ಬಿಸಿದರೆ ಕಲ್ಲಿನ ಮೈಯೇ ಕಿತ್ತುಬರುವಂತಿದ್ದರೆ ಸದ್ಯಕ್ಕೆ ಬಿಡುವುದು ಮೇಲು. ಬ್ರೇಕರ್ ಯಂತ್ರವಂತೂ ಹತ್ತಿರವೂ ಬೇಡ.

ಕೆರೆಯುವ ಮೊದಲು ಒಳಗೋಡೆಯ ಬಣ್ಣದ ಪದರಗಳನ್ನು ಅಂಗೈಯಗಲ ಜಾಗದಲ್ಲಿ ಒಂದೊಂದಾಗಿ ಬಿಡಿಸಿ ನೋಡಿ. ಕೆಳಗೆ ಚಿತ್ರವೋ ಅಂಚುಪಟ್ಟಿಯೋ ಕಂಡರೆ ಕೆಲಸ ನಿಲ್ಲಿಸಿ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನಲ್ಲಿ ಅಂತೋನಿಯೊ ಮೊಸ್ಕೇನಿ ಬರೆದಂಥ ಭಿತ್ತಿಚಿತ್ರಗಳ ಸಂರಕ್ಷಣೆ ಬೇರೆಯೇ ಪರಿಣತಿ. ಗಾರೆಯವರ ಕೈಗೆ ಕೊಡುವ ಕೆಲಸ ಅಲ್ಲ.

ಪುಡಿಯಾದ ಕಲ್ಲನ್ನು ಬದಲಿಸುವುದಾದರೆ ಹೊಸದಾಗಿ ಕಡಿದ ಮುರಕಲ್ಲನ್ನು ಕೂಡಲೇ ಇಡಬೇಡಿ. ನೆಲದಡಿಯಲ್ಲಿ ಮೆದುವಾಗಿರುವ ಕಲ್ಲು ಗಾಳಿಗೆ ಬಿಟ್ಟಷ್ಟೂ ಗಟ್ಟಿಯಾಗುತ್ತದೆ. ಕೆಲವು ತಿಂಗಳು ಹೊರಗೆ ಪೇರಿಸಿಡಿ. ಬಿಳಿ ಜೇಡಿ ತುಂಬಿದ ಕಲ್ಲು ಮಳೆಗೆ ಕರಗುತ್ತದೆ, ಹಿಂದೆ ಕಳಿಸಿ.

ಸುಣ್ಣದ ಗಾರೆ ಹೀಗೆ. ಚಿಪ್ಪಿನ ಸುಣ್ಣವನ್ನು ಗುಂಡಿಯಲ್ಲಿ ಅರಳಿಸಿ, ಮೇಲೆ ನೀರು ನಿಲ್ಲಿಸಿ ಕನಿಷ್ಠ ಎರಡು ವಾರ, ಸಾಧ್ಯವಾದರೆ ಒಂದು ತಿಂಗಳು ಬಿಡಿ. ಅರಳದ ಕಾಳು ಉಳಿದರೆ ಗೋಡೆಯ ಮೇಲೆ ಆಮೇಲೆ ಅರಳಿ ಚಿಪ್ಪೆದ್ದು ಬೀಳುತ್ತದೆ, ಆದ್ದರಿಂದ ಜರಡಿ ಹಿಡಿದೇ ಬಳಸಿ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಮರಳು ಸಿಹಿನೀರಿನ ಹೊಳೆಯದ್ದೇ ಆಗಬೇಕು. ಅಳಿವೆಯ ಮರಳಿನಲ್ಲಿ ಉಪ್ಪಿದೆ. ಮಳೆಗೆ ಮುಖ ಮಾಡಿದ ಗೋಡೆಗೆ ಮರಳಿನ ಒಂದು ಪಾಲಿನ ಜಾಗದಲ್ಲಿ ಇಟ್ಟಿಗೆಯ ಸುರ್ಕಿ (ಪುಡಿ) ಹಾಕಿದರೆ ತೇವದಲ್ಲೂ ಗಾರೆ ಗಟ್ಟಿಯಾಗುತ್ತದೆ. ಒಡೆದ ಹಂಚನ್ನೇ ಪುಡಿ ಮಾಡಿ ಹಾಕುವವರಿದ್ದಾರೆ, ಆದರೆ ಹೆಚ್ಚು ಬೆಂದ ಮಣ್ಣಿನ ಪುಡಿ ಸುಣ್ಣದೊಡನೆ ಅಷ್ಟಾಗಿ ಕೂಡುವುದಿಲ್ಲ. ಹದವಾಗಿ ಬೆಂದ ಮೆದು ಇಟ್ಟಿಗೆಯೇ ಸರಿ.

100 ಚದರ ಮೀಟರ್ ಗೋಡೆಗೆ 25 ಮಿ.ಮೀ. ದಪ್ಪ ಎಂದರೆ ಲೆಕ್ಕಕ್ಕೆ 2.5 ಘನ ಮೀಟರ್ ಗಾರೆ. ಮುರಕಲ್ಲಿನ ಉಬ್ಬುತಗ್ಗು ತಿನ್ನುವುದನ್ನು ಸೇರಿಸಿ 3 ಘನ ಮೀಟರ್ ಮರಳು, 1 ಘನ ಮೀಟರ್ ಅರಳಿದ ಸುಣ್ಣ ತರಿಸಿ. ಸುಣ್ಣ ಮರಳಿನ ಸಂದಿಗೆ ಇಳಿಯುವುದರಿಂದ ಗಾರೆಯ ಒಟ್ಟು ಪ್ರಮಾಣ ಮರಳಿನಷ್ಟೇ ಇರುತ್ತದೆ. ಕಲ್ಲಿನ ಸಂದುಗಳನ್ನು 20–25 ಮಿ.ಮೀ. ಆಳಕ್ಕೆ ಕೆರೆದು, ಗೋಡೆಯನ್ನು ಹಿಂದಿನ ದಿನವೇ ನೆನೆಸಿ. ಒಂದು ಪದರ 12 ಮಿ.ಮೀ. ಮೀರಬಾರದು. ಬಿಸಿಲು ಬೀಳುವ ಕಡೆ ಒದ್ದೆ ಗೋಣಿ ಇಳಿಬಿಟ್ಟು ವಾರಗಟ್ಟಲೆ ತಂಪಿರಿಸಿ. ಗಾರೆ ಪಕ್ವವಾಯಿತೇ ಎಂದು ನೋಡಲು ಒಂದು ಚೂರು ಒಡೆದು ಫಿನಾಲ್ಫ್ತಲೀನ್ ಎಂಬ ಪರೀಕ್ಷಾ ದ್ರಾವಣ ಹನಿಸಿ. ಗುಲಾಬಿ ಬಣ್ಣ ಬಂದಷ್ಟು ಭಾಗ ಇನ್ನೂ ಹಸಿ.

ಬಣ್ಣಕ್ಕೂ ಸುಣ್ಣವೇ. ಹಾಲಿನಷ್ಟು ತೆಳುವಾಗಿ, ನಾಲ್ಕೈದು ಕೈ. ಗಾರೆಯಲ್ಲಿ ಇಷ್ಟೆಲ್ಲ ಜಾಗ್ರತೆ ಮಾಡಿ, ಉದ್ಘಾಟನೆಗೆ ಮೂರು ದಿನ ಇರುವಾಗ ಪುಟ್ಟಿ, ಎಮಲ್ಷನ್ ಬಳಿದರೆ ಗೋಡೆಯ ಉಸಿರು ಮತ್ತೆ ಕಟ್ಟಿತು. ಇದು ಆಗಾಗ ಆಗುತ್ತದೆ, ನೋಡಿದಾಗ ಸಂಕಟವಾಗುತ್ತದೆ.

ಮಾಡು

ಹಂಚಿನ ಲೆಕ್ಕ: ಒಂದು ಚದರ ಮೀಟರಿಗೆ ಸುಮಾರು 15. ನೆಲದ ಅಳತೆಯಿಂದ ಲೆಕ್ಕ ಹಾಕಬೇಡಿ, ಇಳಿಜಾರಿನದ್ದನ್ನು ಹಿಡಿಯಿರಿ. 30 ಡಿಗ್ರಿ ಮಾಡಿಗೆ 100 ಚದರ ಮೀಟರ್ ನೆಲ ಎಂದರೆ 115 ಚದರ ಮೀಟರ್ ಹಂಚು, ಸುಮಾರು 1,730. ಇಳಿಸುವಾಗ ಒಡೆಯುವುದಕ್ಕೆಂದು ಶೇ 15 ಹೆಚ್ಚುವರಿ ಹೊಂದಿಸಿ. ಇಳಿಸುವಾಗಲೇ ಬೆನ್ನಿನ ಮುದ್ರೆ ನೋಡಿ ಕಾರ್ಖಾನೆವಾರು ಬೇರೆ ಬೇರೆ ಪೇರಿಸಿ. ಒಂದು ಕಾರ್ಖಾನೆಯ ಹಂಚು ಇನ್ನೊಂದರ ತೋಡಿಗೆ ಸರಿಯಾಗಿ ಕೂರದು. ಕಣ್ಣಿಗೆ ಕಾಣದ ಆ ಸಂದಿಯಿಂದ ಗಾಳಿಮಳೆ ಒಳಬರುತ್ತದೆ. ಬೆರಳಿನಿಂದ ತಟ್ಟಿದಾಗ ಕಂಚಿನ ಸದ್ದು ಬಂದರೆ ಇಟ್ಟುಕೊಳ್ಳಿ, ಬೊದ್ದು ಸದ್ದಾದರೆ ಬಿಡಿ. ರೀಪಿನ ಅಂತರ ಸಾಮಾನ್ಯವಾಗಿ ಹನ್ನೆರಡೂವರೆ ಇಂಚಿನ ಆಸುಪಾಸು, ಆದರೆ ಕೈಯಲ್ಲಿರುವ ಹಂಚು ನೆಲದಲ್ಲಿ ಜೋಡಿಸಿ ಅಳೆದೇ ಹೊಡೆಯಿಸಿ.

ಮರದಲ್ಲಿ ನೋಡಲೇಬೇಕಾದದ್ದು ಗೋಡೆಯೊಳಗೆ ಕೂತ ತೊಲೆಯ ತುದಿ. ನಡು ಭಾಗ ಬೋಗಿ ಮರದ, ಸಾಗುವಾನಿಯ ಹೊಳಪಿನಲ್ಲೇ ಇದ್ದು, ತುದಿಯ ಒಂದಡಿ ಮಾತ್ರ ಒಳಗೆ ಹುಡಿಯಾಗಿರುತ್ತದೆ. ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ತೇವ ಅಳೆಯುವ ಮೀಟರಿನಲ್ಲಿ ಶೇ 20 ಮೀರಿದ್ದರೆ ಕೊಳೆ ಶುರುವಾಗಿದೆ ಇಲ್ಲವೇ ಶುರುವಾಗಲಿದೆ. ಇದಕ್ಕಾಗಿ ಇಡೀ ತೊಲೆ ಬದಲಿಸುವ ಅಗತ್ಯ ಇಲ್ಲ. ಕೆಳಗೆ ಊರೆ ಕೊಟ್ಟು, ಕೊಳೆತ ಭಾಗದಾಚೆಗೆ ಒಂದಡಿ ಗಟ್ಟಿ ಮರವನ್ನೂ ಸೇರಿಸಿ ಕತ್ತರಿಸಿ, ಅದೇ ಜಾತಿಯ ಒಣ ಮರವನ್ನು ಓರೆ ಬೆಸುಗೆಯಲ್ಲಿ ಜೋಡಿಸಿ, 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟ್ ಬಿಗಿಯಿರಿ. ಕಡಲ ಗಾಳಿಗೆ 304 ಕಲೆಗಟ್ಟುತ್ತದೆ, ಸಾದಾ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಮರವನ್ನೇ ಸೀಳುತ್ತದೆ. ತುದಿಯನ್ನು ಶಿಲೆಕಲ್ಲಿನ ಹಲಗೆಯ ಮೇಲೆ ಕೂರಿಸಿ, ಸುತ್ತ ಅರ್ಧ ಇಂಚು ಗಾಳಿಯಾಡಲು ಬಿಡಿ. ಈ ಸಂದಿಗೆ ಸಿಮೆಂಟ್ ತುಂಬುವುದೇ ಆ ತುದಿ ಮತ್ತೆ ಕೊಳೆಯಲು ಮುಖ್ಯ ಕಾರಣ. ಪಕ್ಕಾಸುಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ನಮ್ಮ ಕಡೆಯ ಪದ್ಧತಿ ಇಂದಿಗೂ ಒಳ್ಳೆಯದೇ.

ಎರಡು ಮಾಡು ಕೂಡುವ ಮೂಲೆಯ ದೋಣಿಯ ತಗಡು ಕಿರಿದಾಗಿದ್ದರೆ ತರಗೆಲೆ ಕಟ್ಟಿ ನೀರು ಒಳಗೆ ಉಕ್ಕುತ್ತದೆ. ಕೈ ಹಾಕಿ ತೆಗೆಯುವಷ್ಟು ಅಗಲ ಇರಲಿ.

ಹಂಚು ತೆಗೆದು ಶೀಟ್ ಹಾಕುವ ಸಲಹೆ ಬಂದೇ ಬರುತ್ತದೆ. ರೀಪು ಸೇರಿ ಹಂಚಿನ ಮಾಡಿನ ಭಾರ ಚದರ ಮೀಟರಿಗೆ ಸುಮಾರು 65 ಕೆ.ಜಿ.; ಆ ಭಾರವೇ ಗಾಳಿಗೆ ಮಾಡನ್ನು ಹಿಡಿದಿಟ್ಟಿದೆ. ಅದನ್ನು ತೆಗೆದು ಹಗುರ ಶೀಟ್ ಹಾಕಿದರೆ ಮಾಡನ್ನು ಗೋಡೆಗೆ ಕಟ್ಟಿಹಾಕುವ ಹೊಸ ವ್ಯವಸ್ಥೆ ಬೇಕು. ಶಾಲೆಯಾದರೆ ಶೀಟಿನ ಮೇಲೆ ಮಳೆ ಹೊಡೆಯುವಾಗ ಪಾಠವೂ ಕೇಳದು.

ಕಾಗದದ ಕೆಲಸ

ಲೋಕೋಪಯೋಗಿ ದರಪಟ್ಟಿಯಲ್ಲಿ ಸುಲಭಕ್ಕೆ ಸಿಗುವುದು ಸಿಮೆಂಟ್ ಪ್ಲಾಸ್ಟರಿನ ಐಟಂ. ಅದನ್ನೇ ಎತ್ತಿ ಟೆಂಡರಿಗೆ ಹಾಕಿದರೆ ಸೈಟಿನಲ್ಲಿ ಆಮೇಲೆ ಏನು ವಾದಿಸಿಯೂ ಉಪಯೋಗವಿಲ್ಲ. ಸುಣ್ಣ ಅರಳಿಸುವ ದಿನಗಳು, ಜರಡಿ, ಗೋಣಿ ತಂಪು, ಪದರಗಳ ನಡುವಿನ ಕಾಯುವಿಕೆ ಇವನ್ನೆಲ್ಲ ಬಿಡಿಸಿ ಬರೆದು ದರ ವಿಶ್ಲೇಷಣೆಗೆ ಮಂಜೂರಾತಿ ಪಡೆಯಿರಿ. ಒಂದು ಮೀಟರ್ ಚೌಕದ ಮಾದರಿ ಗಾರೆಗೆ ಒಪ್ಪಿಗೆ ಸಿಕ್ಕ ಮೇಲೆಯೇ ಮುಂದಿನ ಕೆಲಸ ಎಂಬ ಷರತ್ತು ಸೇರಿಸಿ. ಮಾಡು ಬಿಚ್ಚಿದ ಮೇಲಷ್ಟೇ ತಿಳಿಯುವ ಮರದ ಕೆಲಸವನ್ನು ಅಳತೆಗೆ ತಕ್ಕ ಪಾವತಿಯ ಐಟಂ ಆಗಿ ಇಡಿ.

ಹತ್ತಿರದಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕ ಇದೆಯೇ ನೋಡಿ. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಂತೆ ಅದರ ಸುತ್ತ 100 ಮೀಟರಿನೊಳಗೆ ಹೊಸ ನಿರ್ಮಾಣ ನಿಷಿದ್ಧ, ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ.

ಸಾರ್ವಜನಿಕ ಕಟ್ಟಡಕ್ಕೆ ಗಾಲಿಕುರ್ಚಿಯ ಇಳಿಜಾರು ಕಡ್ಡಾಯ ಎಂದೇ ತಿಳಿದು ನಕ್ಷೆ ಮಾಡಿ. 1:12ರ ಲೆಕ್ಕದಲ್ಲಿ 60 ಸೆಂ.ಮೀ. ಎತ್ತರದ ಜಗಲಿಗೆ 7.2 ಮೀಟರ್ ಉದ್ದ, ತಂಗುವ ಕಟ್ಟೆ ಬೇರೆ. ಇದನ್ನು ಗೋಡೆಗೆ ಅಂಟಿಸದೆ ಒಂದು ಗೇಣು ಬಿಟ್ಟು ಕಟ್ಟಿ. ಶೌಚಾಲಯ ಹಳೇ ಗೋಡೆಗಳೊಳಗೆ ಬೇಡ, ಹಿಂದೆ ಪ್ರತ್ಯೇಕ ಬ್ಲಾಕ್ ಇರಲಿ. ವಯರಿಂಗಿಗೆ ಗೋಡೆ ಕೊರೆಯದೆ ಮೇಲ್ಮೈಯಲ್ಲೇ ಪೈಪ್ ಓಡಿಸಿ. ಕೆಲಸ ಒಪ್ಪಿಸುವಾಗ ಉಳಿದ ಹೊಂದಾಣಿಕೆಯ ಹಂಚು ಇನ್ನೂರಾದರೂ ಕಟ್ಟಡದ ಹಿಂದೆ ಪೇರಿಸಿಟ್ಟು, ಪ್ರತಿ ಮೇ ತಿಂಗಳಲ್ಲಿ ದೋಣಿ ಗುಡಿಸಿ ಒಡೆದ ಹಂಚು ಬದಲಿಸುವ ಕೆಲಸಕ್ಕೆ ಆ ಕಚೇರಿಯ ವಾರ್ಷಿಕ ಬಜೆಟ್ಟಿನಲ್ಲೇ ಒಂದು ಸಾಲು ಬರೆಸಿ.