ಪೆಟ್ರೋಲ್ ಬಿಲ್ಲಿನ ಜಗಳ ಬಗೆಹರಿಸಿದ್ದು

ಬಾಗೇಪಲ್ಲಿಯ ಒಂದು ಸಂಸ್ಥೆಯಲ್ಲಿ ನಾನು ಕಾರ್ಯಕ್ರಮ ಸಂಯೋಜಕಿ. ಮಹಿಳಾ ಸಂಘ, ಕೆರೆ ಹೂಳು, ಇವೇ ನಮ್ಮ ಕೆಲಸ. ಎನ್‌ಜಿಒಗಳಲ್ಲಿ ಜಗಳ ಆದರೆ ದೊಡ್ಡ ತತ್ವದ ಮೇಲೆ ಆಗುತ್ತೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನಾನು ಕಂಡಂತೆ ಜಾಸ್ತಿ ಆಗೋದು ಟಿಎ ಬಿಲ್ಲಿನ, ಅಂದರೆ ಓಡಾಟದ ಖರ್ಚಿನ ಬಿಲ್ಲಿನ ಮೇಲೆ.

ನಮ್ಮಲ್ಲೂ ಅದೇ ಆಯಿತು. ಪಾತಪಾಳ್ಯ ಕಡೆ ಓಡಾಡುವ ಕಾರ್ಯಕರ್ತರೊಬ್ಬರ ಪೆಟ್ರೋಲ್ ಬಿಲ್ಲಿಗೆ ಅಕೌಂಟ್ಸ್ ಮೇಡಂ ಕೆಂಪು ಗೀಟು ಎಳೆದರು. "ನಾನೇನು ಕಳ್ಳನಾ?" ಅಂತ ಅವರು ವಾಟ್ಸಾಪ್ ಗ್ರೂಪಿನಲ್ಲೇ ಕೇಳಿದರು. ಮೇಡಂ ಉತ್ತರ ಬರೆಯದೆ ಬರೀ ಹೆಬ್ಬೆರಳಿನ ಚಿಹ್ನೆ ಒತ್ತಿದರು. ಬೈದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಜೊತೆಗೆ ಭಾಷೆಯ ತೊಡಕು. ಫೀಲ್ಡಿನವರು ತಮ್ಮತಮ್ಮಲ್ಲಿ ಮಾತಾಡೋದು ತೆಲುಗು. ಮೇಡಂ ತಿಪಟೂರಿನವರು, ಅವರಿಗೆ ತೆಲುಗು ಬಾರದು. ಯಾರು ನಕ್ಕರೂ ತನ್ನನ್ನೇ ಆಡಿಕೊಂಡು ನಗುತ್ತಿದ್ದಾರೆ ಅಂತ ಅವರಿಗೆ ಅನ್ನಿಸುತ್ತಿತ್ತು.

"ನಾವೆಲ್ಲ ಒಂದೇ ಮನೆಯವರಲ್ವಾ, ಟೀ ಕುಡಿದು ಮರೆತುಬಿಡಿ" ಅಂದರು ನಿರ್ದೇಶಕರು. ನನಗೆ ಈ ಮಾತು ಆಗಿಬರುವುದಿಲ್ಲ. ಮನೆಯವರು ಅಂದಕೂಡಲೇ ದುಡ್ಡು ಕೇಳುವವನು ಆಸೆಬುರುಕನಾಗುತ್ತಾನೆ, ಲೆಕ್ಕ ಕೇಳುವವಳು ಗಯ್ಯಾಳಿಯಾಗುತ್ತಾಳೆ.

ಗ್ರೂಪಿನಲ್ಲಿ ಒಂದೇ ಸಾಲು ಹಾಕಿದೆ: "ಈ ವಿಷಯ ಇಲ್ಲಿ ಬೇಡ, ನಾನೇ ಬಂದು ಮಾತಾಡುತ್ತೇನೆ." ಇಬ್ಬರ ಹತ್ತಿರವೂ ಬೇರೆ ಬೇರೆ ಕೂತೆ. ಯಾವ ತಾರೀಖು, ಯಾವ ಊರು, ಎಷ್ಟು ರೂಪಾಯಿ ಅಂತ ಕೇಳಿ ಬರೆದುಕೊಂಡೆ. "ಅವರು ಯಾವಾಗಲೂ ಹಿಂಗೇ" ಅನ್ನುವ ಮಾತು ಬಂದಾಗ ಪೆನ್ನು ಕೆಳಗಿಟ್ಟೆ.

ಬರೆದುಕೊಂಡಿದ್ದನ್ನು ನೋಡಿದಾಗಲೇ ಅಸಲಿ ಕಾರಣ ಸಿಕ್ಕಿದ್ದು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂದು, ಆ ದೇಣಿಗೆಯಲ್ಲಿ ಆಡಳಿತಕ್ಕೆ ಖರ್ಚು ಮಾಡಬಹುದಾದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ನಮ್ಮಲ್ಲಿ ಫೀಲ್ಡ್ ಓಡಾಟವನ್ನೂ ಮೊದಲಿನಿಂದ ಆಡಳಿತದ ಲೆಕ್ಕಕ್ಕೇ ಬರೆಯುತ್ತಿದ್ದರು. ಮಿತಿ ದಾಟಿದರೆ ತನ್ನ ತಲೆಗೆ ಬರುತ್ತೆ ಅಂತ ಮೇಡಂ ಬಿಲ್ಲು ಕಡಿತ ಮಾಡುತ್ತಿದ್ದರು. ಅದನ್ನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಆಡಿಟರ್ ಹತ್ತಿರ ಕೇಳಿ, ಸಂಘದ ಸಭೆಗಳಿಗೆ ಹೋಗುವ ಪೆಟ್ರೋಲನ್ನು ಕಾರ್ಯಕ್ರಮದ ಖರ್ಚಿಗೆ ಹಾಕಿದೆವು.

ಆಮೇಲೆ ಮೂವರೂ ಬಿಲ್ಲಿನ ಕಂತೆ ಮುಂದಿಟ್ಟುಕೊಂಡು ಕೂತು ಕೆಲವು ನಿಯಮ ಮಾಡಿಕೊಂಡೆವು. ಹೊರಡುವಾಗ, ವಾಪಸ್ ಬಂದಾಗ ಬೈಕಿನ ಮೀಟರ್ ಫೋಟೋ ತೆಗೆಯೋದು. ತಿಂಗಳ 5ರೊಳಗೆ ಬಿಲ್ ಕೊಡೋದು. ಬಿಲ್ಲಿನಲ್ಲಿ ಒಂದು ರೂಪಾಯಿ ಕಡಿತ ಮಾಡಿದರೂ ಮೇಡಂ ಕಾರಣ ಬರೆದು ಕೊಡೋದು. ಸಭೆಯಲ್ಲಿ ಕನ್ನಡ, ಹೊರಗೆ ಅವರವರ ಇಷ್ಟ. ನಂತರ ಮೇಡಂರನ್ನು ಒಂದು ಸಂಘದ ಸಭೆಗೆ ಕರೆದುಕೊಂಡು ಹೋದೆ, ಬೇಕಂತಲೇ ಬಸ್ಸಿನಲ್ಲಿ. ವಾಪಸ್ ಬರುವಾಗ ಬಸ್ಸಿಗೆ ಕಾದು ಕಾದು ಸಾಕಾಗಿ, "ಬೈಕ್ ಇಲ್ದೆ ಇಲ್ಲಿ ಆಗಲ್ಲ ಬಿಡಿ" ಅಂದರು.

ಎಲ್ಲ ಜಗಳವನ್ನೂ ಹೀಗೆ ಕೂತು ಬಗೆಹರಿಸಲು ಹೋಗಬಾರದು. ಲೈಂಗಿಕ ಕಿರುಕುಳದ ದೂರು ಬಂದರೆ ಅದು ಆಂತರಿಕ ಸಮಿತಿಗೇ ಹೋಗಬೇಕು. 10 ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ ಸಮಿತಿ ಇರಲೇಬೇಕು ಅನ್ನುತ್ತೆ 2013ರ ಕಾಯ್ದೆ. ಸೇವಾ ಸಂಸ್ಥೆ ಅಂತ ವಿನಾಯಿತಿ ಇಲ್ಲ.

ಅವರಿಬ್ಬರೂ ಸ್ನೇಹಿತರೇನೂ ಆಗಲಿಲ್ಲ. ಆಗಲಿ ಅಂತ ನಾನೂ ಒತ್ತಾಯಿಸಿಲ್ಲ. ಬಿಲ್ ಮಾತ್ರ 5ಕ್ಕೆ ಬರುತ್ತೆ. ಹೊಸ ಬಜೆಟ್‌ನಲ್ಲಿ ಫೀಲ್ಡ್ ಪೆಟ್ರೋಲಿಗೆ ಬೇರೆ ಸಾಲನ್ನೇ ಹಾಕಿಸಿದ್ದೇನೆ. ದಾನಿಗಳು ಒಪ್ಪದಿದ್ದರೆ ಹಳ್ಳಿಗಳ ಸಂಖ್ಯೆ ಕಡಿಮೆ ಮಾಡುತ್ತೇವೆ ಅಂತಲೂ ಬರೆದು ಕಳಿಸಿದ್ದೇವೆ.