ಬಾಲ ನೋಡಿ ಹಕ್ಕಿ ಗುರುತಿಸಿದ್ದು

ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ ಅಡಿಕೆ ತೋಟ. ಇಲ್ಲಿ ಚಳಿಗಾಲ ಅಂದರೆ ಬೆಳಗಿನ ಜಾವ ಹೊದಿಕೆ ಎಳೆದುಕೊಳ್ಳುವಷ್ಟೇ. ಬಡಗಣ ಚಳಿಯಿಂದ ತಪ್ಪಿಸಿಕೊಂಡು ಬರುವ ಹಕ್ಕಿಗಳಿಗೆ ಅದೇ ಸುಖ.

ಮೊದಲು ಬರುವುದು ಬೂದು ಕುಂಡೆಕುಸ್ಕ. ಕುಂಡೆಕುಸ್ಕ ಅಂದರೆ ಸದಾ ಬಾಲ ಆಡಿಸುವ ಪುಟ್ಟ ಹಕ್ಕಿ, ಇಂಗ್ಲಿಷಿನಲ್ಲಿ ವ್ಯಾಗ್‌ಟೇಲ್. ಸೆಪ್ಟೆಂಬರಿನಲ್ಲಿ, ಮಳೆ ಪೂರ್ತಿ ಬಿಡುವ ಮೊದಲೇ, ತೋಡಿನ ಕಲ್ಲಿನ ಮೇಲೆ ಹಾಜರು. ಹೆಸರು ಬೂದು, ಹೊಟ್ಟೆ ಹಳದಿ! ಎರಡು ವರ್ಷ ನಾನು ಅದನ್ನು ‘ಹಳದಿ ಕುಂಡೆಕುಸ್ಕ’ ಅಂತಲೇ ಬರೆದಿಟ್ಟಿದ್ದೆ. ಹಳದಿಯದ್ದು ಬೇರೆಯೇ ಇದೆ, ಅದು ಗದ್ದೆ ಬಯಲಿನ ಹಕ್ಕಿ, ಬಾಲ ಇಷ್ಟುದ್ದ ಇಲ್ಲ. ಹರಿಯುವ ನೀರು, ಬೂದು ಬೆನ್ನು, ಉದ್ದ ಬಾಲ ಕಂಡರೆ ಇದೇ.

ನನಗೆ ಜಾಸ್ತಿ ಇಷ್ಟ ಕಾಡು ಕುಂಡೆಕುಸ್ಕ. ಒಂದು ನವೆಂಬರ್ ಬೆಳಿಗ್ಗೆ ಸ್ಪ್ರಿಂಕ್ಲರ್ ನಿಲ್ಲಿಸಿ ಬರುವಾಗ ಒದ್ದೆ ಸೊಪ್ಪಿನ ಮೇಲೆ ಏನೋ ಅಲುಗಿತು. ಕಂದು ಬೆನ್ನು, ರೆಕ್ಕೆಯಲ್ಲಿ ಬಿಳಿ ಪಟ್ಟೆ, ಎದೆಗೆ ಎರಡು ಕಪ್ಪು ಪಟ್ಟಿ. ಬಿದ್ದ ಅಡಿಕೆ ಹಾಳೆಯ ಮೇಲೆ ಹತ್ತಿ, ಹುಳ ಹೆಕ್ಕಿ, ಇಳಿಯಿತು. ಬಾಲ ಮಾತ್ರ ಮೇಲೆ ಕೆಳಗೆ ಅಲ್ಲ, ಎಡಕ್ಕೆ ಬಲಕ್ಕೆ ತೂಗುತ್ತಿತ್ತು. ಉಳಿದ ಕುಂಡೆಕುಸ್ಕಗಳು ಹೀಗೆ ಆಡಿಸುವುದಿಲ್ಲ. ಕಾಲು ಸ್ವಲ್ಪ ಜರುಗಿಸಿದೆ ನೋಡಿ, ‘ಪಿಂಕ್’ ಅಂತ ಕೂಗಿ ಸೀದಾ ಕೊಂಬೆಗೆ ಹಾರಿತು. ಕೊರಿಯಾ, ಈಶಾನ್ಯ ಚೀನಾ, ರಷ್ಯಾದ ಪೂರ್ವ ತುದಿ ಇದು ಮರಿ ಮಾಡುವ ಜಾಗಗಳು. ಅಲ್ಲಿ ಗೂಡು ಕಟ್ಟುವುದೂ ಮರದಲ್ಲೇ.

ಆಮೇಲೆ ದಿನಾ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ 15 ನಿಮಿಷ ನಡೆಯಲು ಶುರುಮಾಡಿದೆ. “ಬೆಳಿಗ್ಗೆ ಬೆಳಿಗ್ಗೆ ತೋಟದಲ್ಲಿ ಎಂತ ಹುಡುಕುದು ಮಾರಾಯ?” ಅಂತ ಅಮ್ಮ ಕೇಳಿದರು. ಈಗ ಅವರೇ ಅಂಗಳದಿಂದ ಕೂಗಿ ಹೇಳುತ್ತಾರೆ, “ನಿನ್ನ ಬಾಲದವ ಬಂದ!”

ಜನವರಿಯಲ್ಲಿ ಒಮ್ಮೆ ಕುಂಬಳೆ ಅಳಿವೆಗೆ ಹೋದೆ. ಕಂದು ತಲೆಯ ಕಡಲಕ್ಕಿ ಹುಡುಕಿದರೆ ಒಂದರ ತಲೆಯೂ ಕಂದು ಇಲ್ಲ! ಚಳಿಗಾಲದಲ್ಲಿ ತಲೆ ಬಿಳಿಯಾಗಿ, ಕಿವಿಯ ಹತ್ತಿರ ಒಂದು ಮಸಿ ಬೊಟ್ಟು ಮಾತ್ರ ಉಳಿಯುತ್ತದೆ ಅಂತ ಆಮೇಲೆ ಗೊತ್ತಾಯಿತು. ಟಿಬೆಟ್, ಲಡಾಖಿನ ಎತ್ತರದ ಸರೋವರಗಳಿಗೆ ಮರಳುವ ಹೊತ್ತಿಗೆ ಬಣ್ಣ ಏರುತ್ತದೆ. ಬಿಸಿಲು ತಿಂದದ್ದು ಸುಮ್ನೆ ಆಗಲಿಲ್ಲ, ಅಲ್ವಾ?

ಹಕ್ಕಿ ಬಂದ ದಿನ ಬರೆಯುವುದು ಸುಲಭ. ಹೋದ ದಿನ ಹಿಡಿಯುವುದೇ ಕಷ್ಟ. ಅದಕ್ಕೆ ಕಂಡ ದಿನವೆಲ್ಲ ಕ್ಯಾಲೆಂಡರಿನಲ್ಲಿ ಗೆರೆ ಎಳೆಯುತ್ತೇನೆ. ಕಾಡು ಕುಂಡೆಕುಸ್ಕದ ಕೊನೆಯ ಗೆರೆ ಈ ಸಲ ಏಪ್ರಿಲ್ 6ಕ್ಕೆ ನಿಂತಿದೆ.